ಗಾಳಿಗೆ ಬೂಟಿಲ್ಲ

ಜನವರಿ 6

ಅಣ್ಣಾ,

ಗಾಬರಿಯಾಗಬೇಡ. ಪತ್ರ ಬಂತೆಂದರೆ ಯಾರೋ ಹೋಗಿಬಿಟ್ಟರು ಎಂದುಕೊಳ್ಳುವ ಮನೆತನ ನಮ್ಮದು. ಯಾರೂ ಹೋಗಿಲ್ಲ. ಹೋಗುತ್ತಿರುವುದು ಹಂದಿಮರಿಗಳು.

ನಮ್ಮ ಫಾರ್ಮಿನ ಒಂದನೇ ಶೆಡ್ಡಿಗೆ ರೋಗ ಬಿದ್ದಿದೆ. ಅದು ಹೆರಿಗೆಯ ಶೆಡ್ಡು, ಹಸುಗೂಸುಗಳೆಲ್ಲ ಅಲ್ಲೇ ಇರುವುದು. ವಾಂತಿ, ನೀರಿನಂಥ ಭೇದಿ, ಎರಡು ದಿನದಲ್ಲಿ ಮರಿ ಚರ್ಮದ ಚೀಲವಾಗಿಬಿಡುತ್ತದೆ. ತಾಯಿಹಂದಿಗಳು ನಾಲ್ಕು ದಿನ ಮೇವು ಬಿಟ್ಟು ಚೇತರಿಸಿಕೊಳ್ಳುತ್ತವೆ. ಮರಿಗಳು ಉಳಿಯುವುದಿಲ್ಲ. ಕರೋನಾ ಜಾತಿಯ ವೈರಸ್ಸು. ಹೆಸರು ಕೇಳಿ ಹೌಹಾರಬೇಡ, ಇದು ಹಂದಿಯ ಕರುಳಿಗೆ ಬರುವಂಥದು, ಮನುಷ್ಯರಿಗಲ್ಲ. ನಿಮ್ಮ ಪೇಟೆಯಲ್ಲಿ ಹಬ್ಬುತ್ತಿದೆ ಎನ್ನುವ ಹೊಸ ಜ್ವರಕ್ಕೆ ದೂರದ ದಾಯಾದಿ ಅಷ್ಟೆ.

ಇಲ್ಲಿನ ವೈದ್ಯೆ ನಾನಾದ್ದರಿಂದ ಗೇಟು ಹಾಕಿಸಿದವಳೂ ನಾನೇ. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಒಮ್ಮೆ ಹೊರಗೆ ಕಾಲಿಟ್ಟರೆ ರೋಗ ಮುಗಿಯುವವರೆಗೆ ಮತ್ತೆ ಒಳಗಿಲ್ಲ. ಫೋನುಗಳೆಲ್ಲ ಗೇಟಿನ ಕಪಾಟಿನಲ್ಲಿವೆ, ಜೇಬಿನಲ್ಲಿ ಕೂತು ಶೆಡ್ಡಿಂದ ಶೆಡ್ಡಿಗೆ ತಿರುಗುವ ಕೊಳಕು ವಸ್ತು ಅದೊಂದೇ. ಹೇಗೂ ಫೋನಿನಲ್ಲಿ ನಾವಿಬ್ಬರೂ ಜಗಳವನ್ನೇ ತಾನೇ ಆಡುವುದು. ಬರೆದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಈ ಪತ್ರ ಗೇಟಿನ ಬಿಸಿ ಪೆಟ್ಟಿಗೆಯಲ್ಲಿ ಒಂದಿಡೀ ದಿನ ಕಾದು ಬರುತ್ತದೆ. ಸುಟ್ಟ ವಾಸನೆ ಬಂದರೆ ಅದು ನನ್ನ ಕೋಪವಲ್ಲ.

ಈಗ ಕೇಳು. ನೀನು ನಡೆಸುವುದು ವಯಸ್ಸಾದವರ ಆರೈಕೆ ಮನೆ, ನಾನು ನಡೆಸುವುದು ಹಂದಿ ಶೆಡ್ಡು. ನಗಬೇಡ, ರೋಗಕ್ಕೆ ಎರಡೂ ಒಂದೇ. ಪ್ರತಿ ರೂಮನ್ನೂ ಒಂದೊಂದು ಶೆಡ್ಡು ಎಂದುಕೊ. ರೂಮಿಗೊಂದು ಲೋಟ, ರೂಮಿಗೊಂದು ಬಕೆಟ್ಟು, ಬಾಗಿಲಿಗೊಂದು ಜೊತೆ ಚಪ್ಪಲಿ. ಕೆಲಸದವರು ಪ್ರತಿ ಬಾಗಿಲಿನಲ್ಲೂ ಚಪ್ಪಲಿ ಬದಲಾಯಿಸಲಿ, ಕೈ ತೊಳೆಯಲಿ. ಚಿಲಕ, ಮಂಚದ ಕಂಬಿ, ಎಲ್ಲ ಒರೆಸು. ಬಾಗಿಲು ಹಾಕಿಸು, ಕಿಟಕಿ ಬಿಗಿ ಮಾಡಿಸು. ಚಳಿಗಾಳಿ ಹೊಡೆದ ಮರಿಗೆ ಯಾವ ರೋಗವೂ ಸಲೀಸು. ಅಪ್ಪನೂ ಅಲ್ಲೇ ಒಂದು ರೂಮಿನಲ್ಲಿದ್ದಾರೆ, ಹೋದ ವರ್ಷ ಅವರ ಎದೆ ಕಟ್ಟಿಕೊಂಡಾಗ ಡಾಕ್ಟರು ಹೇಳಿದ್ದು ನೆನಪಿದೆಯಲ್ಲ? ಇನ್ನೊಂದು ಸಲ ಹೀಗಾದರೆ ಅವರು ತಡೆಯುವುದಿಲ್ಲ.

ನಿನ್ನ ತಂಗಿ

ಜನವರಿ 10

ಡಾಕ್ಟರಮ್ಮನವರ ಪಾದಗಳಿಗೆ,

ಪತ್ರ ಇಸ್ತ್ರಿ ಮಾಡಿದಷ್ಟು ಗರಿಗರಿಯಾಗಿ ಬಂದು ತಲುಪಿತು. ನಮ್ಮ ಅಡುಗೆಯವರು ಮೂಸಿ ನೋಡಿ, "ನಿಮ್ ತಂಗಿ ಬರೆಯೋ ಹೊತ್ತಿಗೆ ಒಲೆ ಮೇಲೆ ಹಾಲಿಟ್ಟು ಮರೆತಿದಾರೆ" ಎಂದರು.

ನಿನ್ನ ಶೆಡ್ಡಿನ ಕಾನೂನೆಲ್ಲ ಇಲ್ಲಿ ಜಾರಿಗೆ ಬಂದಿದೆ. ಬಾಗಿಲು ಬಾಗಿಲಿಗೆ ಚಪ್ಪಲಿ ಬದಲಾಯಿಸುವುದರಲ್ಲೇ ತಟ್ಟೆಯ ಊಟ ಆರಿಹೋಗುತ್ತದೆ. ಒರೆಸಿ ಒರೆಸಿ ಚಿಲಕಗಳ ಹೊಳಪಿನಲ್ಲಿ ಮುಖ ನೋಡಿಕೊಳ್ಳಬಹುದು. ಕಿಟಕಿಗಳ ಸಂದಿಗೆಲ್ಲ ಅಂಟುಪಟ್ಟಿ ಹಾಕಿಸಿದೆ, ಕೊನೆಯ ರೂಮಿನ ಟೀಚರಮ್ಮನವರೇ ಮುಂದೆ ನಿಂತು ನೆಟ್ಟಗೆ ಹಚ್ಚಿಸಿದರು. ಚಳಿಯ ಭಯ ಬೇಡ, ನೆಲಮಾಳಿಗೆಯ ಬಿಸಿಗಾಳಿ ಯಂತ್ರವನ್ನು ಈಗ ಹಗಲೂ ಓಡಿಸುತ್ತಿದ್ದೇನೆ. ಅದು ರೂಮುಗಳ ನಡುವಿನ ಒಳ ಓಣಿಯ ಗಾಳಿಯನ್ನು ಎಳೆದುಕೊಂಡು, ಕಾಯಿಸಿ, ಚಾವಣಿಯ ಕೊಳವೆಗಳಿಂದ ಎಲ್ಲ ರೂಮಿಗೂ ಊದುತ್ತದೆ. ಒಳಗೆ ಬಂದರೆ ಬೆಚ್ಚಗೆ ಅಮ್ಮನ ಸೆರಗಿನಲ್ಲಿ ಕೂತ ಹಾಗಿದೆ.

ಅಪ್ಪನದು ಮಾತ್ರ ದೊಡ್ಡ ರಂಪ. "ನಲವತ್ತು ವರ್ಷ ಕಿಟಕಿ ಇಳಿಸ್ಕೊಂಡು ಲಾರಿ ಓಡ್ಸಿದೀನಿ. ಈಗ ಜಾಡಿಲಿ ಹಾಕಿ ಮುಚ್ಚಳ ಬಿಗೀತೀಯಾ? ನಾನೇನು ಉಪ್ಪಿನಕಾಯಿನಾ?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದರು. ಆಮೇಲೆ ನಾವಿಬ್ಬರೂ ಒಂದು ರಾಜಿಗೆ ಬಂದೆವು.

ಅವರಿಗೆ ಬೇಜಾರಾಗಿರುವುದು ಗಡಿಯಾರದವರ ಜೊತೆ ಕೂರುವುದು ತಪ್ಪಿತೆಂದು. ಪಕ್ಕದ ರೂಮಿನವರು, ಗಡಿಯಾರ ರಿಪೇರಿ ಮಾಡುತ್ತಿದ್ದವರು, ನೀನು ಬಂದಾಗಲೆಲ್ಲ ನಿನ್ನ ಕೈಗಡಿಯಾರ ಬಿಚ್ಚಿಸಿಕೊಂಡು ಕಿವಿಗಿಟ್ಟು ಮುಖ ಸಿಂಡರಿಸುತ್ತಾರಲ್ಲ, ಅವರು. ಬಾಗಿಲು ಹಾಕಿದ ಮೇಲೆ ಇಬ್ಬರೂ ಗೋಡೆ ತಟ್ಟಲು ಶುರು ಮಾಡಿದ್ದಾರೆ. ಲಾರಿ ಕ್ಲೀನರುಗಳ ಭಾಷೆ: ಒಂದು ಏಟು ತಟ್ಟಿದರೆ ನಿಲ್ಲು, ಎರಡು ಏಟು ತಟ್ಟಿದರೆ ಹೋಗಲಿ. ಸಂಜೆ ದೀಪ ಹಾಕುವ ಹೊತ್ತಿಗೆ ಅಪ್ಪ ಎರಡು ತಟ್ಟುತ್ತಾರೆ. ಗಡಿಯಾರದವರು ಮುಳ್ಳು ನೋಡಿಕೊಂಡವರ ಹಾಗೆ ಒಂದಿಷ್ಟು ತಡೆದು, ಎರಡು ತಟ್ಟುತ್ತಾರೆ. ಇವತ್ತಿನ ಗಾಡಿ ಮುಂದೆ ಹೋಯಿತು ಎಂದು ಅರ್ಥ. ಅಷ್ಟಾದ ಮೇಲೇ ಇಬ್ಬರೂ ಊಟಕ್ಕೆ ಕೂರುವುದು.

ಮರಿಗಳ ವಿಷಯ ಓದಿ ಸಂಕಟವಾಯಿತು. ನೀನು ಹೊತ್ತುಹೊತ್ತಿಗೆ ತಿನ್ನು.

ಅಣ್ಣ

ಜನವರಿ 13

ಅಣ್ಣಾ,

ಎರಡನೇ ಶೆಡ್ಡೂ ಬಿತ್ತು.

ಒಂದಕ್ಕೂ ಎರಡಕ್ಕೂ ಮೇವಿನ ಗಾಡಿ ಒಂದೇ, ಗಾಲಿಗೆ ಸಗಣಿ ಮೆತ್ತಿಕೊಂಡು ಹೋಗಿರಬೇಕು. ಗಾಡಿ ಹೊಡೆಯುವವನಿಗೆ ಬಾಯಿಗೆ ಬಂದಂತೆ ಬೈದೆ. ಅವನು ಅತ್ತ. ಆಮೇಲೆ ನಾನೂ ಬಚ್ಚಲಿಗೆ ಹೋಗಿ ಅತ್ತೆ. ಮರಿಗಳನ್ನು ಮೂಟೆಗಟ್ಟಿ ಸಾಗಿಸುವುದು ಅಭ್ಯಾಸವಾಗುವ ಕೆಲಸವಲ್ಲ.

ಇನ್ನು ಉಳಿದಿರುವುದು ಮೂರನೇ ಶೆಡ್ಡು. ಹೊಲದ ಆಚೆ ತುದಿಗಿದೆ. ಅದನ್ನು ನೋಡಿಕೊಳ್ಳುವವನಿಗೆ ಇಲ್ಲಿ ಎಲ್ಲರೂ ಮೌನಿ ಎನ್ನುತ್ತಾರೆ, ಕೇಳಿದರೆ ತಲೆಯಾಡಿಸುವುದೇ ಹೆಚ್ಚು. ಅವನ ಊಟ, ನಿದ್ದೆ, ಸ್ನಾನ ಎಲ್ಲ ಅಲ್ಲೇ. ಅವನ ಬುತ್ತಿಯನ್ನು ಹೊಲದ ಅಂಚಿನ ಹಳದಿ ಗೆರೆಯ ಮೇಲಿಟ್ಟು ಬರುತ್ತೇವೆ. ಅವನ ಬೂಟು ಆ ಶೆಡ್ಡು ಬಿಟ್ಟು ಆಚೆ ಬಂದಿಲ್ಲ. ಮುಂದಿನ ವಾರ ಅಲ್ಲಿ ತುಂಬ ಹೆರಿಗೆಗಳಿವೆ. ಅದೊಂದು ಉಳಿದರೆ ಸಾಕು ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೇನೆ.

ನಿನ್ನ ಪತ್ರದಲ್ಲಿ ‘ರಾಜಿ’ ಎಂಬ ಮಾತು ಓದಿದೆ. ಅಪ್ಪನಿಗೂ ನಿನಗೂ ಏನು ರಾಜಿ? ನೀನು ಅವರ ಮುಂದೆ ಕರಗುವ ಬೆಣ್ಣೆ ಎಂದು ನನಗೆ ಗೊತ್ತು. ನೇರವಾಗಿ ಕೇಳುತ್ತೇನೆ, ಅಪ್ಪನ ಕಿಟಕಿ ಮುಚ್ಚಿದೆಯೋ ಇಲ್ಲವೋ? ಹೂಂ ಅಥವಾ ಊಹೂಂ. ತಮಾಷೆ ಬೇಡ.

ತಂಗಿ

ಜನವರಿ 16

ಪುಟ್ಟಿ,

ಹೂಂ. ಮುಚ್ಚಿದೆ.

ಟೀಚರಮ್ಮನವರಿಗೆ ನಿನ್ನೆಯಿಂದ ಸ್ವಲ್ಪ ಗಂಟಲು ಕೆರೆತ. ಬಿಸಿನೀರು ಕೊಡುತ್ತಿದ್ದೇವೆ. ಯಂತ್ರ ಚೆನ್ನಾಗಿ ಓಡುತ್ತಿದೆ. ಅಪ್ಪ ಆರಾಮ, ಗೋಡೆಯೂ ಆರಾಮ.

ಮೂರನೇ ಶೆಡ್ಡು ಉಳಿಯುತ್ತದೆ, ನೋಡುತ್ತಿರು.

ಅಣ್ಣ

ಜನವರಿ 19

ಅಣ್ಣಾ,

ಉಳಿಯಲಿಲ್ಲ.

ಬೆಳಿಗ್ಗೆ ಮೌನಿ ಹಳದಿ ಗೆರೆಯ ಆಚೆ ನಿಂತು ಕೈ ಬೀಸಿದ. ಅವನಾಗಿ ಕರೆದದ್ದು ಅದೇ ಮೊದಲು. ಹೋಗಿ ನೋಡಿದರೆ ಒಂದು ಸಾಲಿನ ಮರಿಗಳೆಲ್ಲ ತಾಯಿಯ ಹೊಟ್ಟೆಗೆ ಒತ್ತಿಕೊಂಡು ನಡುಗುತ್ತಿವೆ, ನೆಲವೆಲ್ಲ ಹಳದಿ ನೀರು.

"ಯಾರ ಹತ್ರ ಹೋಗಿದ್ದೆ?" ಎಂದೆ. ಅವನು ಇಲ್ಲವೆಂದು ತಲೆಯಾಡಿಸಿದ. "ಬೀಡಿ ಸೇದೋಕೆ ಆಚೆ ಹೋಗಿದ್ದೆ ತಾನೆ? ಎರಡನೇ ಶೆಡ್ಡಿನವರು ಬಂದಿದ್ರಾ? ಬಾಯಿ ಬಿಡು!" ಮತ್ತೆ ತಲೆಯಾಡಿಸಿ ನೆಲ ನೋಡಿದ. ತಪ್ಪು ಮಾಡದವನಾಗಿದ್ದರೆ ಒಂದು ಮಾತಾದರೂ ಆಡುತ್ತಿರಲಿಲ್ಲವೇ? ಸಗಣಿಯಿಂದ, ಬೂಟಿನಿಂದ, ಕೈಯಿಂದ ಹರಡುವ ರೋಗ ಇದು. ಬೂಟು ದಾಟದೆ ಅದು ಹೊಲ ದಾಟಿದ್ದು ಹೇಗೆ? ಅವನನ್ನು ಗೇಟಿನಿಂದ ಆಚೆ ಕಳಿಸಿಬಿಟ್ಟೆ. ಮತ್ತೆ ಬರಬೇಡ ಎಂದೆ.

ಹೋಗುವಾಗ ಬೂಟು ತೊಳೆದು, ಹಳದಿ ಗೆರೆಯ ಒಳಗೆ ಜೋಡಿಸಿಟ್ಟು, ಬರೀ ಚಪ್ಪಲಿಯಲ್ಲಿ ಚಳಿಯಲ್ಲಿ ನಡೆದುಕೊಂಡು ಹೋದ. ಆ ಬೂಟುಗಳು ಇನ್ನೂ ಅಲ್ಲೇ ಇವೆ. ನನಗೆ ಅವುಗಳ ಕಡೆ ನೋಡಲಾಗುತ್ತಿಲ್ಲ, ಯಾಕೋ ಗೊತ್ತಿಲ್ಲ.

ನೀನು ಇನ್ನೂ ಬಿಗಿ ಮಾಡು, ಅಣ್ಣಾ. ಒಬ್ಬನ ಉಡಾಫೆ ಸಾಕು. ಅಪ್ಪನ ರೂಮಿಗೆ ನಿನ್ನ ಹೊರತು ಯಾರೂ ಹೋಗುವುದು ಬೇಡ.

ತಂಗಿ

ಜನವರಿ 22

ಪುಟ್ಟಿ,

ಗಡಿಯಾರದವರಿಗೆ ಜ್ವರ. ಸಣ್ಣದಾಗಿ ಕೆಮ್ಮು. ನಿನ್ನೆ ಸಂಜೆ ಗೋಡೆ ತಟ್ಟಿದರು, ಆದರೆ ಸದ್ದು ಮೆಲ್ಲಗಿತ್ತು.

ನನಗೆ ಒಂದು ಅರ್ಥವಾಗುತ್ತಿಲ್ಲ, ನೀನು ಓದಿದವಳು, ನೀನೇ ಹೇಳು. ಮೊದಲು ಬಿದ್ದದ್ದು ಟೀಚರಮ್ಮ. ಅವರದು ಓಣಿಯ ಆ ತುದಿ, ಗಡಿಯಾರದವರದು ಈ ತುದಿ. ಬಾಗಿಲು ಹಾಕಿದಂದಿನಿಂದ ಒಬ್ಬರ ಮುಖ ಒಬ್ಬರು ನೋಡಿಲ್ಲ. ಊಟ ಕೊಡುವವರು ಬೇರೆ, ಬಟ್ಟೆ ಒಗೆಯುವವರು ಬೇರೆ, ಚಪ್ಪಲಿ ಬೇರೆ. ಲೋಟ ಕುದಿಸಿದ್ದೇವೆ. ಚಿಲಕವನ್ನು ನಾನೇ ಒರೆಸಿದ್ದೇನೆ, ಇನ್ನೊಬ್ಬರ ಮೇಲೆ ಬಿಟ್ಟಿಲ್ಲ. ನಡುವಿನ ಕೆಲವು ರೂಮಿನವರಿಗೂ ಶುರುವಾಗಿದೆ. ನೀನು ಹೇಳಿದ್ದರಲ್ಲಿ ನಾವು ಯಾವುದನ್ನು ಬಿಟ್ಟೆವು?

ನಿನ್ನ ಆ ಮೌನಿಯ ವಿಷಯ ಓದಿದೆ. ಅವನು ಹೋಗಿರಲಿಕ್ಕಿಲ್ಲ ಅನ್ನಿಸಿತು ನನಗೆ. ಇಲ್ಲೂ ಯಾರೂ ಎಲ್ಲೂ ಹೋಗಿಲ್ಲವಲ್ಲ.

ಅಪ್ಪ ಚೆನ್ನಾಗಿದ್ದಾರೆ.

ಅಣ್ಣ

ಜನವರಿ 27, ಮಧ್ಯಾಹ್ನ

ಅಣ್ಣಾ,

ಇದು ನಿನಗೆ ಸಿಗುವ ಮೊದಲೇ ಸುದ್ದಿ ಸಿಕ್ಕಿರುತ್ತದೆ, ಸಿಕ್ಕಿರಲೇಬೇಕು. ಆದರೂ ಬರೆಯುತ್ತೇನೆ, ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ.

ನಿನ್ನ ಪತ್ರ ಓದಿ ಹೊರಗೆ ಬಂದೆ. ಆ ಬೂಟುಗಳ ಪಕ್ಕದಲ್ಲಿ ನಿಂತೆ. ಒಂದನೇ ಶೆಡ್ಡಿನ ದೊಡ್ಡ ಫ್ಯಾನುಗಳು ಒಳಗಿನ ಗಾಳಿಯನ್ನು ಹೊರಕ್ಕೆ ತಳ್ಳುತ್ತಿದ್ದವು, ಗಾಳಿ ನೇರ ನನ್ನ ಮುಖಕ್ಕೆ ಬಡಿಯಿತು. ಅಲ್ಲಿಂದ ತಿರುಗಿ ನೋಡಿದರೆ ಎದುರಿಗೇ ಮೂರನೇ ಶೆಡ್ಡಿನ ಗಾಳಿಕಂಡಿ. ಇಷ್ಟು ವರ್ಷ ನಾನು ನೆಲವನ್ನೇ ನೋಡಿಕೊಂಡು ಓಡಾಡಿದವಳು.

ಗಾಳಿಕಂಡಿಯ ಬಲೆಯ ಮೇಲೆ ಬೂದು ಬಣ್ಣದ ದೂಳು ತುಪ್ಪಳದ ಹಾಗೆ ಕೂತಿತ್ತು. ಅದನ್ನು ಒರೆಸಿಕೊಂಡೆ. ಹೊಲದ ನಡುವೆ ಒಂದು ಲೈಟುಕಂಬವಿದೆ, ಏಣಿ ಹಾಕಿ ಹತ್ತಿ ಅದರ ತುದಿಯ ದೂಳನ್ನೂ ಒರೆಸಿಕೊಂಡೆ, ಯಾವ ಬೂಟೂ ಆ ಕಂಬ ಹತ್ತುವುದಿಲ್ಲ ತಾನೆ? ಎರಡನ್ನೂ ಲ್ಯಾಬಿಗೆ ಕಳಿಸಿದೆ. ಇವತ್ತು ಬೆಳಿಗ್ಗೆ ಗೇಟಿಗೆ ಫೋನು ಬಂತು. ಎರಡರಲ್ಲೂ ಇದೆ. ಆ ದೂಳಿನಲ್ಲಿರುವುದು ಸತ್ತದ್ದೋ ಬದುಕಿದ್ದೋ ಹೇಳಲಾರೆವು ಎಂದರಂತೆ ಲ್ಯಾಬಿನವರು. ಅದನ್ನು ಮೂರನೇ ಶೆಡ್ಡಿನ ಮರಿಗಳು ಆಗಲೇ ಹೇಳಿವೆ.

ಕರುಳಿನ ರೋಗವೇ ಗಾಳಿಯಲ್ಲಿ ಹೊಲ ದಾಟಿದ ಮೇಲೆ, ಉಸಿರಿನಲ್ಲೇ ಹುಟ್ಟುವ ನಿಮ್ಮ ಜ್ವರಕ್ಕೆ ಓಣಿ ದಾಟುವುದು ಯಾವ ಲೆಕ್ಕ? ಬೂಟು ತೊಳೆಸಿದೆ, ಕೈ ತೊಳೆಸಿದೆ, ಗಾಲಿ ತೊಳೆಸಿದೆ. ಗಾಳಿಗೆ ಬೂಟಿಲ್ಲ, ಅಣ್ಣಾ. ಅದನ್ನು ಗೆರೆಯ ಹತ್ತಿರ ನಿಲ್ಲಿಸಿ ಕೇಳಲು ಬರುವುದಿಲ್ಲ. ಕಿಟಕಿಗೆಲ್ಲ ಪಟ್ಟಿ ಹಚ್ಚಿಸಿದೆ, ಯಂತ್ರ ಓಣಿಯ ಗಾಳಿ ಎಳೆದು ಎಲ್ಲರಿಗೂ ಊದುತ್ತದೆ ಎಂದು ನೀನು ಹತ್ತನೇ ತಾರೀಖೇ ಬರೆದಿದ್ದೆ. ನಾನು ಅದನ್ನು ಓದಿ, ಒಳ್ಳೆಯದು, ಬೆಚ್ಚಗಿದ್ದಾರೆ ಎಂದುಕೊಂಡೆ!

ಓಡಿದೆ. ಗೇಟಿನ ಗೆರೆಯ ಮೇಲೆ ನಿಂತು ಕಾವಲುಗಾರನಿಗೆ ಕೂಗಿ ಹೇಳಿದೆ, ಅವನು ನಿಮ್ಮ ಮನೆಗೆ ಫೋನು ಮಾಡಿದ. ನಾನು ಇಲ್ಲಿಂದ ಕಿರುಚುವುದು, ಅವನು ಅದನ್ನೇ ಫೋನಿಗೆ ಕಿರುಚುವುದು. "ಕಿಟಕಿ ಎಲ್ಲಾ ತೆಗೀರಿ! ಬಿಸಿಗಾಳಿ ಯಂತ್ರ ನಿಲ್ಲಿಸಿ! ಚಳಿಯಾದ್ರೆ ಕಂಬಳಿ ಹೊದಿಸಿ! ಅಪ್ಪನ ಕಿಟಕಿ ಮೊದ್ಲು!" ಫಾರ್ಮಿನವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಫೋನು ಎತ್ತಿದವರು ನಿಮ್ಮ ಅಡುಗೆಯವರಂತೆ. ಹಾಗೇ ಮಾಡುತ್ತೇವೆ ಎಂದರಂತೆ. ನೀನೆಲ್ಲಿ ಎಂದು ಕೇಳಿಸಿದೆ. "ಮೇಲೆ ಮಲಗಿದಾರೆ" ಎಂದರಂತೆ.

ಹಗಲು ಹೊತ್ತಿನಲ್ಲಿ ಮಲಗುವವನಲ್ಲ ನೀನು. ಏನು ಮುಚ್ಚಿಡುತ್ತಿದ್ದೀಯ?

ತಂಗಿ

ಫೆಬ್ರುವರಿ 1

ಅಣ್ಣಾ,

ನಿನ್ನಿಂದ ಒಂದು ಸಾಲೂ ಇಲ್ಲ.

ಕಾವಲುಗಾರ ದಿನಾ ಫೋನು ಮಾಡುತ್ತಾನೆ. "ಎಲ್ಲಾ ನೋಡ್ಕೊತಿದೀವಿ, ಅವರೇ ಬರೀತಾರೆ" ಎನ್ನುತ್ತಾರಂತೆ. ಅಪ್ಪ ಹೇಗಿದ್ದಾರೆ ಎಂದು ಕೇಳಿದರೆ "ಇದಾರೆ" ಎನ್ನುತ್ತಾರಂತೆ. ಇದಾರೆ ಎಂದರೆ ಏನರ್ಥ? ನನ್ನ ಮೇಲೆ ಕೋಪವಿದ್ದರೆ ಕೋಪವನ್ನೇ ಬರೆ. ಉಗಿದು ಬರೆ.

ಗೇಟು ದಾಟಿ ಬಂದುಬಿಡೋಣ ಎಂದು ಎರಡು ಸಲ ಗೆರೆಯ ತನಕ ಹೋದೆ. ಮೂರನೇ ಶೆಡ್ಡಿನಲ್ಲಿ ಇನ್ನೂ ಹೆರದ ತಾಯಿಹಂದಿಗಳಿವೆ, ಇಲ್ಲಿ ಬೇರೆ ವೈದ್ಯರಿಲ್ಲ. ಹಾಗೆಂದು ಹಿಂದೆ ಬಂದೆ. ನಿಜ ಹೇಳಲಾ? ತಾಯಂದಿರಿಗಾಗಿ ಅಲ್ಲ. ಅಲ್ಲಿಗೆ ಬಂದು ನೋಡಲು ಹೆದರಿಕೆ.

ಮೌನಿಯ ಹಾಗೆ ಮಾಡಬೇಡ, ಅಣ್ಣಾ. ಸುಮ್ಮನಿರುವವರನ್ನು ನಾನು ತಪ್ಪಾಗಿ ಓದುತ್ತೇನೆ, ಈಗ ಅದು ಗೊತ್ತಾಗಿದೆ. ಒಂದು ಮಾತು ಬರೆ.

ಫೆಬ್ರುವರಿ 3

ಪುಟ್ಟಿ,

ಅಪ್ಪ ಬದುಕಿದ್ದಾರೆ. ಅದನ್ನು ಮೊದಲು ಬರೆಯುತ್ತಿದ್ದೇನೆ. ಅವರಿಗೆ ಒಂದು ಸೀನೂ ಬಂದಿಲ್ಲ.

ಜ್ವರ ಬಂದದ್ದು ನನಗೆ. ಪೆನ್ನು ಹಿಡಿಯುವಷ್ಟು ಶಕ್ತಿ ಬಂದದ್ದು ಇವತ್ತೇ, ಅಕ್ಷರ ಸೊಟ್ಟಗಿದ್ದರೆ ಟೀಚರಮ್ಮನವರಿಗೆ ಹೇಳಬೇಡ. ಅವರು ಎದ್ದು ಕೂತು ಎಲ್ಲರ ಮೇಲೆ ರೇಗುವಷ್ಟು ಸುಧಾರಿಸಿದ್ದಾರೆ. ನಿನ್ನ ಕೂಗು ಬಂದ ಕೂಡಲೇ ಅಡುಗೆಯವರು ಅಂಟುಪಟ್ಟಿಗಳನ್ನು ಚಾಕುವಿನಿಂದ ಕುಯ್ದು ಕಿಟಕಿಗಳನ್ನೆಲ್ಲ ತೆಗೆದರಂತೆ. ಯಂತ್ರ ನಿಲ್ಲಿಸಿದರಂತೆ. ಆಮೇಲೆ ಹೊಸದಾಗಿ ಮಲಗಿದವರು ಒಬ್ಬರೇ, ಅವರೂ ಏಳುತ್ತಿದ್ದಾರೆ.

ಗಡಿಯಾರದವರು ಹೋದರು. ಇಪ್ಪತ್ತಾರನೇ ತಾರೀಖು. ನೀನು ಕೂಗುವ ಹಿಂದಿನ ದಿನ.

ಇನ್ನೊಂದು ವಿಷಯ. ಅಪ್ಪನ ಕಿಟಕಿ ಮುಚ್ಚಿದೆ ಎಂದು ನಿನಗೆ ಹೂಂ ಎಂದು ಬರೆದೆನಲ್ಲ, ಅದು ಸುಳ್ಳು. ಅದನ್ನು ಮುಚ್ಚಲೇ ಇಲ್ಲ. ನಾಲ್ಕು ಬೆರಳು ತೆರೆದಿರಲಿ, ತಲೆಗೆ ಎರಡು ಟೋಪಿ ಹಾಕಿಕೊಳ್ಳುತ್ತೇನೆ ಎಂದರು. ಅದೇ ನಮ್ಮ ರಾಜಿ. ಎರಡನೇ ಟೋಪಿಯನ್ನೂ ಹಾಕಿಕೊಳ್ಳಲಿಲ್ಲ. ಚಾವಣಿಯ ಕೊಳವೆಯಿಂದ ಬರುವ ಬಿಸಿಗಾಳಿಗೆ ಗಂಟಲು ಒಣಗುತ್ತದೆ ಎಂದು, ಒಂದು ದಿನ ಮಂಚದ ಮೇಲೆ ನಿಂತು ಅದರ ಜಾಲರಿಗೆ ಆ ಉಣ್ಣೆ ಟೋಪಿ ತುರುಕಿಬಿಟ್ಟರು. ಈ ವಯಸ್ಸಿನಲ್ಲಿ ಮಂಚ ಹತ್ತಿದ್ದಕ್ಕೆ ನಾನು ಬೈದೆ. ಟೋಪಿ ಮಾತ್ರ ತೆಗೆಯಲಿಲ್ಲ. ನಿನಗೆ ಬರೆದರೆ ರಾದ್ಧಾಂತ ಮಾಡುತ್ತೀಯ ಎಂದು ಮುಚ್ಚಿಟ್ಟೆ. ಅವರಿಗೆ ಏನಾದರೂ ಆದರೆ ನಿನ್ನ ಮುಖ ಹೇಗೆ ನೋಡಲಿ ಎಂದು ಹೆದರಿಕೊಂಡೇ ದಿನ ತಳ್ಳಿದೆ.

ಅಪ್ಪನಿಗೆ ಗಡಿಯಾರದವರ ವಿಷಯ ಹೇಳಿಲ್ಲ. ಹೋದ ದಿನ ಸಂಜೆ ಅಪ್ಪ ಎರಡು ತಟ್ಟಿದರು. ಜ್ವರದಲ್ಲೇ ಗೋಡೆ ಹಿಡಿದುಕೊಂಡು ಆ ರೂಮಿಗೆ ಹೋಗಿ ಎರಡು ತಟ್ಟಿದೆ. ಅಪ್ಪ ಊಟ ಮಾಡಿದರಂತೆ. ಅವತ್ತಿನಿಂದ ದಿನಾ ನಾನೇ ತಟ್ಟುತ್ತಿದ್ದೇನೆ.

ಅಣ್ಣ

ಫೆಬ್ರುವರಿ 7

ಅಣ್ಣಾ,

ನಿನ್ನ ಪತ್ರವನ್ನು ಹಳದಿ ಗೆರೆಯ ಮೇಲೆ ಕೂತು ಓದಿದೆ. ಅಪ್ಪ ಬದುಕಿದ್ದಾರೆ ಎಂಬ ಸಾಲಿಗೆ ಜೋರಾಗಿ ಅತ್ತೆ. ಕೆಳಗಿನ ಸಾಲುಗಳಿಗೆ ಅಳು ಬರಲಿಲ್ಲ.

ನೀನು ಬರೆಯದೆ ಬಿಟ್ಟದ್ದನ್ನು ನಾನೇ ಬರೆಯುತ್ತೇನೆ. ನನ್ನ ಮಾತು ಕೇಳದ ಒಂದೇ ಒಂದು ರೂಮು ಅಪ್ಪನದು. ಕೇಳಿದ ರೂಮುಗಳಲ್ಲಿ ಜ್ವರ ಬಂತು. ಗಡಿಯಾರದವರ ಕಿಟಕಿಗೆ ಪಟ್ಟಿ ಹಚ್ಚಿಸಿದ್ದು ನಾನು. ನನಗೆ ಸುಳ್ಳು ಹೇಳಿದ್ದರಿಂದ ಅಪ್ಪ ಉಳಿದರು. ನೀನು ಎಲ್ಲರ ವಿಷಯದಲ್ಲೂ ಸುಳ್ಳು ಹೇಳಬಾರದಿತ್ತೇ ಎಂದು ಕೇಳುವಷ್ಟು ನಾಚಿಕೆಗೆಟ್ಟಿದ್ದೇನೆ.

ಇಲ್ಲಿ ರೋಗದ ಹಾವಳಿ ಕಡಿಮೆಯಾಗಿದೆ. ಒಂದನೇ ಶೆಡ್ಡಿನ ಫ್ಯಾನುಗಳ ಗಾಳಿ ಹೊಲದ ಕಡೆ ಬರದಂತೆ ಮೇಲಕ್ಕೆ ತಿರುಗಿಸಿದ್ದೇವೆ, ಮೂರನೆಯದರ ಗಾಳಿಕಂಡಿಗೆ ದಪ್ಪ ಸೋಸುಬಟ್ಟೆ ಕಟ್ಟಿದ್ದೇವೆ. ರೋಗ ಗೆದ್ದ ತಾಯಂದಿರ ಹಾಲು ಕುಡಿದ ಹೊಸ ಮರಿಗಳು ಗಟ್ಟಿಯಾಗಿ ನಿಂತಿವೆ. ಮೌನಿಗೆ ಹೇಳಿಕಳಿಸಿದ್ದೆ, ನಿನ್ನೆ ಗೇಟಿಗೆ ಬಂದ. ಎಲ್ಲರೆದುರಿಗೆ, "ತಪ್ಪು ನಂದು. ನೀವು ಎಲ್ಲೂ ಹೋಗಿರಲಿಲ್ಲ. ಗಾಳಿ ಬಂದಿತ್ತು" ಎಂದೆ. ಅವನು, "ಹೇಳಿದ್ರೆ ನಂಬ್ತಿದ್ರಾ?" ಎಂದ. ಅಷ್ಟೇ. ಅವನೊಬ್ಬನಿಗಾಗಿ ನನ್ನ ಕಾನೂನನ್ನು ನಾನೇ ಮುರಿದೆ, ಬೂಟು ಹಾಕಿಕೊಂಡು ಒಳಗೆ ಹೋದ. ನಂಬುತ್ತಿರಲಿಲ್ಲ, ಅಣ್ಣಾ.

ಅಪ್ಪನಿಗೆ ಹೇಳಿಬಿಡು. ಗೋಡೆಯ ಆಚೆ ಯಾರೂ ಇಲ್ಲದಿದ್ದರೂ ಇದ್ದಾರೆ ಎಂದು ನಂಬಿಸುವುದು ಬೇಡ. ಗೇಟು ತೆರೆದ ದಿನವೇ ಬರುತ್ತೇನೆ. ನೀನು ಹೇಳಲಾರೆ ಎಂದಾದರೆ ನಾನು ಬಂದು ಹೇಳುತ್ತೇನೆ, ಪಟ್ಟಿ ಹಚ್ಚಿಸಿದವಳು ನಾನು ಎಂಬುದನ್ನೂ ಸೇರಿಸಿ.

ತಂಗಿ

ಫೆಬ್ರುವರಿ 11

ಪುಟ್ಟಿ,

ನೀನು ಹೇಳಿದೆ, ನಾನು ಮಾಡಿದೆ. ಯಂತ್ರ ಓಡಿಸಿದವನು ನಾನು, ಅದು ಎಲ್ಲಿಂದ ಎಳೆದು ಎಲ್ಲಿಗೆ ಊದುತ್ತದೆ ಎಂದು ಗೊತ್ತಿದ್ದವನೂ ನಾನೇ. ಎಲ್ಲವನ್ನೂ ನಿನ್ನೊಬ್ಬಳ ತಲೆಗೆ ಕಟ್ಟಿಕೊಳ್ಳಬೇಡ, ಅರ್ಧ ನನಗಿರಲಿ. ಟೀಚರಮ್ಮ ಈಗ ಬೆಳಿಗ್ಗೆ ಎದ್ದು ರೂಮು ರೂಮಿಗೆ ಹೋಗಿ ಕಿಟಕಿ ತೆರೆದಿದೆಯೇ ಎಂದು ನೋಡಿಕೊಂಡು ಬರುತ್ತಾರೆ. ಪಟ್ಟಿ ಹಚ್ಚಿಸಿದವರೂ ಅವರೇ ಅಲ್ಲವೇ. ಆ ವಿಷಯ ಯಾರೂ ಎತ್ತುವುದಿಲ್ಲ.

ನಿನ್ನೆ ಸಂಜೆ ನಿನ್ನ ಪತ್ರ ಜೇಬಿನಲ್ಲಿಟ್ಟುಕೊಂಡು ಗಡಿಯಾರದವರ ರೂಮಿಗೆ ಹೋದೆ. ಹಾಸಿಗೆ ಸುತ್ತಿಟ್ಟಿದ್ದೇವೆ. ತೆರೆದ ಕಿಟಕಿಯಿಂದ ತಣ್ಣಗೆ ಗಾಳಿ ಬರುತ್ತಿತ್ತು. ಇವತ್ತು ತಟ್ಟುತ್ತೇನೆ, ನಾಳೆ ಬೆಳಿಗ್ಗೆ ಹೇಳುತ್ತೇನೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ದಿನದ ಕೆಲಸವಾಗಿಬಿಟ್ಟಿದೆ. ದೀಪ ಹಾಕಿದರು. ಕೈ ಎತ್ತಿಕೊಂಡು ಗೋಡೆಯ ಹತ್ತಿರ ನಿಂತೆ.

ಅಪ್ಪ ಒಂದು ಏಟು ತಟ್ಟಿದರು.

ಎರಡನೆಯದಕ್ಕೆ ಕಾದೆ. ಬರಲಿಲ್ಲ. ಎತ್ತಿದ ಕೈ ಹಾಗೇ ಉಳಿಯಿತು. ಕೊನೆಗೆ ಆ ರೂಮಿನಿಂದ ಹೊರಗೆ ಬಂದು ಅಪ್ಪನ ಬಾಗಿಲು ತೆಗೆದೆ. ಮಂಚದ ಮೇಲೆ ಕೂತು ಬಾಗಿಲನ್ನೇ ನೋಡುತ್ತಿದ್ದರು.

"ಗಡಿಯಾರದವನು ತಡೆದು ತಟ್ತಿದ್ದ ಕಣೋ" ಎಂದರು. "ನೀನು ಅವಸರದವನು. ಮೊದಲನೇ ದಿನಾನೇ ಗೊತ್ತಾಯ್ತು."

ಪಕ್ಕದಲ್ಲಿ ಕೂತೆ. "ಮತ್ಯಾಕೆ ಇಷ್ಟು ದಿನ ತಟ್ಟಿದ್ರಿ, ಅಪ್ಪಾ?" ಎಂದು ಕೇಳಿದೆ.

"ನೀನು ಅಲ್ಲಿ ಒಬ್ಬನೇ ಕೂತಿರ್ತೀಯಲ್ಲ" ಎಂದರು.

ಬೇಗ ಬಾ.

ಅಣ್ಣ